ಗೌರಕ್ಕನ ಕಡೆಯ ಕಿಟಕಿ

೨ ಜೂನ್ ೧೯೫೮, ಸೋಮವಾರ
ಶಾಲೆಯ ಹಾಜರಿ ಪುಸ್ತಕಕ್ಕೆ ಗೆರೆ ಹಾಕಿದ್ದಾಯಿತು. ಅನ್ನಕ್ಕಿಟ್ಟೆ. ಕಿಟಕಿಯ ಚೌಕಟ್ಟಿಗೆ ಗೆದ್ದಲು — ಒತ್ತಿದರೆ ಪುಡಿ. ಪಕ್ಕದ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಗೌರಕ್ಕ ನಕ್ಕಳು.
“ಇಂದ್ರವ್ವಾ, ದೊಡ್ಡ ಕಿಡಕಿ ಇಡಸವಾ. ಬರೇ ಮೂಗ ಕಾಣತೈತಿ, ಪೂರಾ ಮಾರಿ ನೋಡೂದ ಯಾವಾಗ?”
ಇವರು ತೀರಿಕೊಂಡ ಮೇಲೆ ಗೋಕಾಕದಲ್ಲಿ ನನ್ನೊಡನೆ ನಗುವವಳು ಇವಳೊಬ್ಬಳೇ.

೫ ಜೂನ್
ಬಡಿಗ ಖಂಡೆಪ್ಪ ಅಳತೆ ತೆಗೆದ. ಘಟಪ್ರಭಾದಿಂದ ಸಾಗವಾನಿ ತರುವನಂತೆ.
“ಇದ್ದಷ್ಟ ಇಟ್ಟರ ಯಾರೂ ಕೇಳೂದಿಲ್ರಿ ಅಕ್ಕಾರ. ದೊಡ್ಡದಾದ್ರ ಮುನ್ಸಿಪಾಲ್ಟಿ ಪರವಾನಗಿ ಬೇಕು. ರವಿವಾರ ಕಚೇರಿ ಬಂದ್ ಇರತೈತಿ, ಬಡದ ಬಿಡ್ಲೇನು?”
ಛೇ! ಮಕ್ಕಳಿಗೆ ನೀತಿ ಹೇಳುವವಳು ನಾನು. ಅರ್ಜಿ ಬರೆದೆ. ಎಲ್ಲ ಖರೆ ಖರೆ. ಹಳೆಯ ಕಿಟಕಿಯನ್ನೂ ಇವರು ಪರವಾನಗಿ ಇಲ್ಲದೆ ಗೋಡೆ ಒಡೆಸಿ ಇಡಿಸಿದ್ದೆಂದು ಸೇರಿಸಿದೆ. ಯಾರೂ ಕೇಳಿರಲಿಲ್ಲ.

೧೯ ಜೂನ್
ಕಚೇರಿಯವರು ಬಂದು ಟೇಪು ಹಿಡಿದರು. ಬಾಜೂ ಮನೆಯವರ ಒಪ್ಪಿಗೆ ಬೇಕಂತೆ. ಗೌರಕ್ಕ ಹೆಬ್ಬೆಟ್ಟು ಒತ್ತಲು ತಯಾರು. ಆದರೆ ಮನೆ ಅವಳ ಭಾವ ಶೆಟ್ಟೆಪ್ಪನ ಹೆಸರಿನಲ್ಲಿದೆ. ಅವನು ಅರ್ಜಿ ಓದಿಸಿ ಕೇಳಿದ.
“ಈಗಿರೂದಕ್ಕೂ ಪರವಾನಗಿ ಇಲ್ಲಂತ ನೀವ ಬರದೀರಲ್ರಿ? ಮತ್ತ ಅದನ್ನೂ ಮುಚ್ಚಸ್ರಿ. ನಮ್ಮ ಹೆಣ್ಮಕ್ಕಳು ಜಳಕಾ ಮಾಡೂ ಜಾಗಾ ಅದು.”

೩ ಜುಲೈ
ನೋಟೀಸು. ಹದಿನೈದು ದಿನದೊಳಗೆ ಮುಚ್ಚಬೇಕು. ನನ್ನದೇ ಸಾಲುಗಳನ್ನು ನಕಲು ಮಾಡಿದ್ದಾರೆ. ಹಾಳು ಬುದ್ಧಿ ನನ್ನದು! ದೊಡ್ಡದು ಕೇಳಲು ಹೋಗಿ ಇದ್ದದ್ದೂ ಹೋಯಿತು.

೧೭ ಜುಲೈ
ಗೋಡೆ ಕಟ್ಟುವ ಗೌಂಡಿ ಬಂದ. ಇಟ್ಟಂಗಿ ಏರುತ್ತಿದ್ದಾಗ ಗೌರಕ್ಕ ಕೈ ತೂರಿಸಿ ಒಂದು ಹಿಡಿ ಶೇಂಗಾ ಕೊಟ್ಟಳು.
“ಏನ ಮಾಡಿಕೊಂಡ್ಯವಾ ಇಂದ್ರವ್ವಾ…”
ಅಳು ಬಂತು. ಗೌಂಡಿಯ ಮುಂದೆಯೇ.

೯ ಆಗಸ್ಟ್, ಸಂಜೆ
ಶಾಲೆಯಲ್ಲಿ ದಿನವಿಡೀ ಮಾತು. ಮನೆಗೆ ಬಂದರೆ ಬಾಯಿ ತೆರೆಯುವ ಕೆಲಸವೇ ಇಲ್ಲ. ಇಂದು ತಡೆಯಲಾಗಲಿಲ್ಲ. ಓಣಿ ಸುತ್ತಿ ಅವರ ತಲೆಬಾಗಿಲಿಗೇ ಹೋದೆ, ಮೊದಲ ಸಲ. ಕಟ್ಟೆಯ ಮೇಲೆ ಶೆಟ್ಟೆಪ್ಪ. ಗೌರಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಭಾವನ ಎದುರು ಬೇರೆಯೇ ದನಿ.
“ಏನ ಬೇಕಾಗಿತ್ರಿ, ಅಕ್ಕಾರ?”
ಕಿಟಕಿಯಲ್ಲಿ ಎಂದೂ ಏನೂ ಬೇಕಾಗಿರಲಿಲ್ಲ. ಬಾಗಿಲಿಗೆ ಬಂದವರಿಗೆ ಏನಾದರೂ ಬೇಕಾಗಿರಲೇಬೇಕು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು.
“ಹೆಪ್ಪಿಗೆ ಒಂಚೂರು ಮಜ್ಜಿಗಿ” ಎಂದೆ.
ಕೊಟ್ಟಳು. ಅವಳ ಬಟ್ಟಲಲ್ಲೇ ತಂದಿಟ್ಟಿದ್ದೇನೆ. ಮನೆಯಲ್ಲಿ ಹಾಲೇ ಇಲ್ಲ. ನಾಳೆ ಬಟ್ಟಲು ತಿರುಗಿ ಕೊಡಲು ಹೋಗಬಹುದು. ನಾಡಿದ್ದು —