ಸದ್ಯಕ್ಕಿರಲಿ, ಆಮೇಲೆ ತೆಗೀತೀನಿ

ಪ್ರೀತಿಯ ಕಾರಣದಕ್ಕ,

ನೀವು ಆಫೀಸಿನಿಂದ ಹೋಗಿ ಮೂರು ವರ್ಷವಾದರೂ ಇಲ್ಲಿ ನಿಮ್ಮ ಹೆಸರು ಇದೇ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದರೂ ದಾಖಲೆಯಲ್ಲಿ ಕಾರಣ ಬರೆಸದೆ ನೀವು ಯಾರನ್ನೂ ಬಿಡುತ್ತಿರಲಿಲ್ಲವಲ್ಲ. "ಯಾಕೆ ಅಂತ ಬರೀರಿ. ಪೂರ್ತಿ ವಾಕ್ಯ ಬರೀರಿ," ಎಂದು ಬೆನ್ನ ಹಿಂದೆಯೇ ನಿಲ್ಲುತ್ತಿದ್ದಿರಿ. ನಾವು ಮುಖ ಸಿಂಡರಿಸಿಕೊಂಡು ಬರೆಯುತ್ತಿದ್ದೆವು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ನರ್ಸ್ ಫೋನ್ ಮಾಡಿದರು. ನಾವು ನಿನ್ನೆ ಹಾಕಿದ್ದ ಹೊಸ ಪ್ರೋಗ್ರಾಮಿನಿಂದಾಗಿ ಯಂತ್ರಗಳು ಸುಮ್ಮಸುಮ್ಮನೆ ಅಲಾರಂ ಹೊಡೆದು ನಿಲ್ಲುತ್ತಿದ್ದವು. "ಎಂಟು ಜನ ಕಾಯ್ತಾ ಕೂತಿದ್ದಾರೆ. ಒಬ್ಬರಿಗೆ ಆಗ್ಲೇ ಉಸಿರಾಡೋಕೆ ಕಷ್ಟ ಆಗ್ತಿದೆ. ಹತ್ತೂವರೆ ಒಳಗೆ ಆಗುತ್ತೋ ಇಲ್ವೋ, ನೆಟ್ಟಗೆ ಹೇಳಿ," ಎಂದರು. ಆಗುತ್ತೆ ಎಂದುಬಿಟ್ಟೆ.

ಪ್ರತಿ ಬದಲಾವಣೆಯನ್ನೂ ಕೂಡಿಡುವ ನಮ್ಮ ರೆಪೊದಿಂದ ಹೋದ ವಾರದ ಪ್ರೋಗ್ರಾಮು ತೆಗೆದು ಮತ್ತೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಅದು ನೂರಕ್ಕೆ ತೊಂಬತ್ತೊಂದರವರೆಗೆ ಬಂದು "ಮೆಮೊರಿ ಸಾಲದು" ಎಂದು ನಿಂತಿತು. ಸರ್ವರಿನಲ್ಲಿ ಬೇರೆಲ್ಲ ಕೆಲಸ ನಿಲ್ಲಿಸಿ ನೋಡಿದೆ. ಮತ್ತೆ ತೊಂಬತ್ತೊಂದು. ಹೋದ ವಾರವಷ್ಟೇ ಬಂದ ಈ ಹೊಸ ಸರ್ವರಿಗೆ ಮೆಮೊರಿ ಕಡಿಮೆ, ನಿಜ. ಆದರೆ ಯಾವುದು ಅಷ್ಟನ್ನೂ ನುಂಗುತ್ತಿದೆ? ಅಷ್ಟರಲ್ಲಿ ನರ್ಸ್ ಮತ್ತೆ ಫೋನ್ ಮಾಡಿದರು.

ಎಲ್ಲಕ್ಕಿಂತ ದೊಡ್ಡ ಫೈಲು ಯಾವುದೆಂದು ಹುಡುಕಿದೆ. ಪ್ರೋಗ್ರಾಮು ಪರೀಕ್ಷಿಸಿದ ವಿವರಗಳ ಆರು ಜಿಬಿಯ ಲಾಗು. ಹಾಕಿದ ಮರುದಿನವೇ ಅಳಿಸಿದ್ದರೂ ರೆಪೊದ ಹಳೆಯ ದಾಖಲೆಯಲ್ಲಿ ಭದ್ರವಾಗಿ ಕೂತಿತ್ತು. ಸರ್ವರು ಅದನ್ನು ಇಡಿಯಾಗಿ ಎತ್ತಲು ಹೋಗಿ ಪ್ರತಿ ಸಲವೂ ಕುಸಿಯುತ್ತಿತ್ತು. ಅದೇ ಫೈಲು, ಅಕ್ಕ. ನಿಮ್ಮನ್ನು ಮನೆಗೆ ಕಳಿಸಿದ ಫೈಲು.

ಹಿಂದಿನ ಚರಿತ್ರೆಯೇ ಬೇಡ, ಹೋದ ವಾರದ ಒಂದೇ ಒಂದು ಪ್ರತಿ ಕೊಡು ಎಂದು ಕೇಳಿದಾಗ ರೆಪೊ ತುಟಿಪಿಟಕ್ಕೆನ್ನದೆ ಕೊಟ್ಟಿತು. ಹತ್ತು ಇಪ್ಪತ್ತೈದಕ್ಕೆ ಯಂತ್ರಗಳು ಓಡಿದವು. ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಫೈಲಿನ ದಾಖಲೆ ತೆರೆದೆ. ಮೂರು ವರ್ಷದ ಹಿಂದೆ ಅದರ ಭಾರಕ್ಕೆ ಎರಡು ದಿನ ಇಡೀ ಆಫೀಸು ನಿಂತುಹೋದಾಗ ಎಲ್ಲರೂ ಹೆಸರನ್ನಷ್ಟೇ ನೋಡಿದ್ದರು, ಕಾರಣ ಓದಿರಲಿಲ್ಲ. ಹೆಸರು ನಿಮ್ಮದು. ಸಮಯ ಮಧ್ಯಾಹ್ನ ಎರಡು ನಲವತ್ತು. ಕಾರಣದ ಜಾಗದಲ್ಲಿ: "ಸದ್ಯಕ್ಕಿರಲಿ, ಆಮೇಲೆ ತೆಗೀತೀನಿ."

ಇದು ನನ್ನ ಮಾತು. ಅವತ್ತು ನೀವು ಹಲ್ಲು ಕೀಳಿಸಲು ಹೋಗಿದ್ದಿರಿ. "ನಿನ್ನ ಕಂಪ್ಯೂಟರ್ ಆಮೆ ಕಣೇ, ನನ್ನ ಸೀಟಲ್ಲಿ ಕೂತ್ಕೋ," ಎಂದು ನೀವೇ ಹೇಳಿ ಹೋದಿರಿ. ಅಲ್ಲಿ ಕೂತು ನಾನು ಹಾಕಿದ್ದಕ್ಕೆಲ್ಲ ನಿಮ್ಮ ಹೆಸರೇ ಬಿತ್ತು. ಸಂಜೆ ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದಾಗ ನಾವೆಲ್ಲ ನಗಾಡಿದೆವು. ತಿಂಗಳ ನಂತರ ಆಫೀಸು ನಿಂತು ಮ್ಯಾನೇಜರು ಕೇಳಿದಾಗ ನೀವು "ಅದು ನಾನಲ್ಲ" ಎಂದಷ್ಟೇ ಹೇಳಿ ನನ್ನ ಕಡೆ ನೋಡಿದಿರಿ. ನಾನು ಪರದೆ ನೋಡಿದೆ. ಮರೆತಿದ್ದೆ ಎಂದರೆ ಅದು ಅರ್ಧ ಸುಳ್ಳು. ನೆನಪು ಮಾಡಿಕೊಳ್ಳಲು ಹೆದರಿದ್ದೆ.

ಇವತ್ತು ಮ್ಯಾನೇಜರು "ಅದನ್ನ ಬುಡಸಮೇತ ಕಿತ್ತುಹಾಕಿ" ಎಂದರು. ಕಿತ್ತರೆ ಆ ದಾಖಲೆಯೂ ಹೋಗುತ್ತದೆ, ನಾನು ಬಚಾವ್. ಮೊದಲು ಆ ಪುಟವನ್ನು ಮುದ್ರಿಸಿ, ಇದನ್ನು ಹಾಕಿದವಳು ನಾನು ಎಂದು ಹೇಳಿ ಅವರ ಮೇಜಿನ ಮೇಲಿಟ್ಟೆ. ಈ ಪತ್ರದ ಜೊತೆ ಒಂದು ಪ್ರತಿ ನಿಮಗೂ ಇದೆ. "ಮೂರು ವರ್ಷ ಆಯ್ತಲ್ರೀ, ಈಗ್ಯಾಕೆ?" ಎಂದು ಮ್ಯಾನೇಜರು ತಲೆ ಎತ್ತದೆ ಕೇಳಿದರು. ನನಗೆ ಮೈಯೆಲ್ಲ ಉರಿಯಿತು, ಹೆಚ್ಚಾಗಿ ನನ್ನ ಮೇಲೆಯೇ.

ಆಮೇಲೆ ಫೈಲು ತೆಗೆದೆ. ಹೊಸ ದಾಖಲೆಯಲ್ಲಿ ಕಾರಣವನ್ನು ನೀವು ಕಲಿಸಿದ ಹಾಗೆ ಪೂರ್ತಿ ವಾಕ್ಯದಲ್ಲಿ ಬರೆದೆ: "ಈ ಫೈಲನ್ನು ಹಾಕಿದವಳು ನಾನು, ಯಾರ ಹೆಸರಿನಲ್ಲಿ ದಾಖಲಾಯಿತೋ ಅವರು ಆ ದಿನ ತಮ್ಮ ಕುರ್ಚಿಯಲ್ಲಿ ಇರಲೇ ಇಲ್ಲ." ಕೆಳಗೆ ನನ್ನ ಹೆಸರಿದೆ.

ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ನೀವು ಈಗ ಎಲ್ಲಿ ಕೂತು ಕೆಲಸ ಮಾಡುತ್ತಿದ್ದೀರೋ, ಅಲ್ಲಿನವರು ನಿಮ್ಮ ಮಾತು ನಂಬುವವರಾಗಿರಲಿ.

ಇತಿ,
ಅವತ್ತು ನಿಮ್ಮ ಕುರ್ಚಿಯಲ್ಲಿ ಕೂತಿದ್ದವಳು