ನಿಲ್ಲುವುದಿಲ್ಲ ಎಂದವಳಿಗೆ ಸೊನ್ನೆ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಮಗಳು ಸರಿ ಉತ್ತರ ಬರೆದಿದ್ದಾಳೆ. ಅದಕ್ಕಾಗಿ ನೀವು ಅವಳನ್ನು ಫೇಲು ಮಾಡಿದ್ದೀರಿ. ಕಣ್ತಪ್ಪಿನಿಂದ ಆಗಿರಬೇಕು ಎಂದು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದೆವು. ಎರಡನೇ ಸಲವೂ ಅಷ್ಟೇ ಶ್ರದ್ಧೆಯಿಂದ ಅದೇ ತಪ್ಪು ಮಾಡಿದಿರಿ. ಹಾಗಾಗಿ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಲಿಫ್ಟ್ ಮೆಕ್ಯಾನಿಕ್. ಕಂಪ್ಯೂಟರ್ ವಿಜ್ಞಾನದ ಗಂಧಗಾಳಿ ನನಗಿಲ್ಲ. ಆದರೂ ಎರಡನೇ ವರ್ಷದ ಪತ್ರಿಕೆಯ ಏಳನೇ ಪ್ರಶ್ನೆ ನನಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಒಂದು ಪ್ರೋಗ್ರಾಮ್ ಕೊಟ್ಟು, ಓಡಿಸಿದರೆ ಏನು ಬರುತ್ತದೆ ಬರೆಯಿರಿ ಎಂದಿದ್ದೀರಿ. ಒಂದರಿಂದ ಶುರುಮಾಡು, ಸಂಖ್ಯೆಯನ್ನು ಮುದ್ರಿಸು, ಎರಡು ಕೂಡಿಸು, ಸರಿಯಾಗಿ ಹತ್ತು ಬಂದಾಗ ನಿಲ್ಲು. ಇಷ್ಟೇ ಅದರ ಸಾರ. ಅಂಕ ಐದು.

“ಅಪ್ಪಾ, ಒಂದು ಲಿಫ್ಟು ಒಂದನೇ ಮಹಡಿಯಿಂದ ಹೊರಡುತ್ತೆ ಅಂದ್ಕೋ,” ಎಂದಳು ಮಗಳು. “ಎರಡೆರಡು ಮಹಡಿ ಹತ್ತುತ್ತೆ. ಹತ್ತನೇ ಮಹಡಿ ಬಂದ್ರೆ ಮಾತ್ರ ನಿಲ್ಲಬೇಕು. ಎಲ್ಲಿ ನಿಲ್ಲುತ್ತೆ ಹೇಳು?”

ಬೆರಳು ಮಡಚಿದೆ. ಒಂದು, ಮೂರು, ಐದು, ಏಳು, ಒಂಬತ್ತು, ಹನ್ನೊಂದು. “ಅಯ್ಯೋ, ಛಾವಣಿ ಕಿತ್ಕೊಂಡು ಹೋಗುತ್ತಲ್ಲೇ!”

“ನಾನೂ ಅದನ್ನೇ ಬರೆದೆ.”

ಇದು ನಿಲ್ಲುವುದಿಲ್ಲ, ಬೆಸ ಸಂಖ್ಯೆಗೆ ಎರಡು ಕೂಡಿಸುತ್ತ ಹೋದರೆ ಹತ್ತು ಬರುವುದೇ ಇಲ್ಲ, ನಿಲ್ಲುವ ಷರತ್ತನ್ನು ತಿದ್ದಬೇಕು ಎಂದು ಬರೆದಿದ್ದಾಳೆ, ತಿದ್ದಿಯೂ ತೋರಿಸಿದ್ದಾಳೆ. ಸೊನ್ನೆ ಬಿತ್ತು. ಪಾಸಾಗಲು ಅವಳಿಗೆ ಬೇಕಿದ್ದದ್ದು ಮೂರೇ ಅಂಕ. ನಿಮ್ಮ ಮಾದರಿ ಉತ್ತರದಲ್ಲಿ ಒಂದು, ಮೂರು, ಐದು, ಏಳು, ಒಂಬತ್ತು ಎಂದಿದೆ. ಒಂಬತ್ತಾದ ಮೇಲೆ ಅದು ಯಾರ ಮಾತು ಕೇಳಿ ನಿಂತಿತು ಸ್ವಾಮಿ? ಅವಳ ಗೆಳತಿಗೆ ಐದಕ್ಕೆ ಐದು ಬಂದಿದೆ. ಕೇಳಿದೆ. “ಅದು ನಿಲ್ಲಲ್ಲ ಅಂತ ನಂಗೂ ಗೊತ್ತಿತ್ತು ಅಂಕಲ್. ಆದ್ರೆ ಪ್ರತಿ ವರ್ಷ ಇದೇ ಕೇಳ್ತಾರೆ, ಇದೇ ಉತ್ತರ ಬರೀತಾರೆ,” ಎಂದಿತು ಆ ಬುದ್ಧಿವಂತ ಮಗು.

ಪಠ್ಯಕ್ರಮದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹನ್ನೆರಡು ಕಲಿಕಾ ಗುರಿಗಳನ್ನು ಅಚ್ಚು ಹಾಕಿಸಿದ್ದೀರಿ. ನಾಲ್ಕನೆಯದು, ಪ್ರೋಗ್ರಾಮಿನ ದೋಷವನ್ನು ಪತ್ತೆಹಚ್ಚಿ ಸರಿಪಡಿಸುವುದು. ಒಂಬತ್ತನೆಯದು, ವಿಷಯ ತಿಳಿಯದವರಿಗೂ ಅರ್ಥವಾಗುವಂತೆ ವಿವರಿಸುವುದು. ಹನ್ನೊಂದನೆಯದು, ಕಂಡದ್ದನ್ನು ಪ್ರಾಮಾಣಿಕವಾಗಿ ವರದಿ ಮಾಡುವುದು. ಮಗಳು ದೋಷ ಕಂಡಳು, ಪ್ರಾಮಾಣಿಕವಾಗಿ ಬರೆದಳು. ವಿಷಯ ತಿಳಿಯದವನೊಬ್ಬ ಮನೆಯಲ್ಲೇ ಇದ್ದ, ಅವನಿಗೂ ತಿಳಿಸಿದಳು. ಮೂರು ಗುರಿ ಮುಟ್ಟಿದ್ದಕ್ಕೆ ಸೊನ್ನೆಯಾದರೆ, ಹನ್ನೆರಡನ್ನೂ ಮುಟ್ಟಿದವರನ್ನು ಏನು ಮಾಡುತ್ತೀರಿ? ಕಾಲೇಜಿನಿಂದಲೇ ಹೊರಗಟ್ಟುತ್ತೀರಾ?

ಈ ಪುಟವನ್ನು ಹಿಡಿದುಕೊಂಡು ಮಗಳೊಂದಿಗೆ ನಿಮ್ಮ ಕಚೇರಿಗೆ ಬಂದಿದ್ದೆ. ನಾಲ್ಕನೇ ಕಿಟಕಿಯ ಗುಮಾಸ್ತರು ಒಳ್ಳೆಯವರು, ಒಳಗೆ ಕರೆದು ಕುರ್ಚಿ ಕೊಟ್ಟರು. “ಗುರಿ ಬೇರೆ ವಿಭಾಗ ಸಾರ್, ಅಂಕ ಬೇರೆ ವಿಭಾಗ. ನಮಗೂ ಅವರಿಗೂ ಸಂಬಂಧ ಇಲ್ಲ,” ಎಂದರು. ಇಷ್ಟು ಪ್ರಾಮಾಣಿಕ ಮಾತನ್ನು ನಿಮ್ಮ ಕಟ್ಟಡದಲ್ಲಿ ನಾನು ಬೇರೆಲ್ಲೂ ಕೇಳಲಿಲ್ಲ.

“ನೀವೇ ಒಂದ್ಸಲ ಓಡಿಸಿ ನೋಡಿ ಸಾರ್,” ಎಂದಳು ಮಗಳು. ಅವರು ಒಪ್ಪಿದರು. ಅವಳು ಟೈಪ್ ಮಾಡಿಕೊಟ್ಟಳು. ಪರದೆಯ ಮೇಲೆ ಬೆಸ ಸಂಖ್ಯೆಗಳು ಸುರಿಯತೊಡಗಿದವು. ನೂರು ದಾಟಿತು, ಸಾವಿರ ದಾಟಿತು, ಲಕ್ಷ ದಾಟಿತು. ಕಿಟಕಿಯಾಚೆ ಸಾಲಿನಲ್ಲಿದ್ದವರು ಇಣುಕಿ ನೋಡಿದರು. ಗುಮಾಸ್ತರು ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದರು. ಕೊನೆಗೆ ಮೇಜಿನಡಿ ಬಗ್ಗಿ ಸ್ವಿಚ್ಚನ್ನೇ ಆರಿಸಿ, ಎದ್ದು ಬೆವರೊರೆಸಿಕೊಂಡು ಹೇಳಿದರು:

“ನೋಡಿ, ನಿಂತಿತಲ್ಲ!”

ನಮ್ಮ ಅರ್ಜಿಯ ಮೇಲೆ ‘ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ’ ಎಂಬ ಮೊಹರು ಬಿತ್ತು. ಮೆಟ್ಟಿಲು ಇಳಿಯುವಾಗ ನಗು ತಡೆಯಲಾಗದೆ ನಾನು ಗೋಡೆ ಹಿಡಿದು ನಿಂತೆ. ಮಗಳು ನಗಲಿಲ್ಲ.

ಪೂರಕ ಪರೀಕ್ಷೆ ಬರುವ ಸೋಮವಾರ. ನಿನ್ನೆ ಓದುತ್ತಿದ್ದವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: “ಅದೇ ಪ್ರಶ್ನೆ ಬಂದ್ರೆ ಈ ಸಲ ಒಂಬತ್ತಕ್ಕೆ ನಿಲ್ಲಿಸಿಬಿಡ್ತೀನಪ್ಪ. ಪಾಸಾದ್ರೆ ಸಾಕು.”

ಅವಳು ಫೇಲಾದ ದಿನವೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ನಿಲ್ಲದ ಲಿಫ್ಟನ್ನು ನಿಲ್ಲುತ್ತದೆ ಎಂದು ಬರೆದು ನಾನು ಸಹಿ ಹಾಕಿದರೆ ಜೈಲಿಗೆ ಹೋಗುತ್ತೇನೆ. ಅದೇ ಕೆಲಸಕ್ಕೆ ನೀವು ನನ್ನ ಮಗಳಿಗೆ ಐದು ಅಂಕ ಕೊಡುತ್ತೀರಿ. ನಾಳೆ ಲಿಫ್ಟುಗಳಿಗೂ ಆಸ್ಪತ್ರೆಯ ಯಂತ್ರಗಳಿಗೂ ಪ್ರೋಗ್ರಾಮ್ ಬರೆಯುವವರು ಇದೇ ಮಕ್ಕಳಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಪ್ರೋಗ್ರಾಮನ್ನು ನಿಮ್ಮ ಕಣ್ಣೆದುರಿಗೇ ಓಡಿಸಿ. ಯಾರೂ ಸ್ವಿಚ್ ಮುಟ್ಟಕೂಡದು. ಅದು ತಾನಾಗಿ ನಿಂತ ದಿನ ನನ್ನ ಮಗಳನ್ನು ಧಾರಾಳವಾಗಿ ಫೇಲು ಮಾಡಿ, ತಕರಾರಿಲ್ಲ. ಅಲ್ಲಿಯವರೆಗೆ ಅವಳು ಪಾಸು ಎಂದು ಬರೆದುಕೊಡಿ. ಏನೇ ಮಾಡುವುದಿದ್ದರೂ ಸೋಮವಾರದೊಳಗೆ ಮಾಡಿ. ಆಮೇಲೆ ಅವಳು ನಿಮ್ಮ ಉತ್ತರವನ್ನು ಕಲಿತುಬಿಟ್ಟಿರುತ್ತಾಳೆ.

ಇಂತಿ,
ಮಗಳು ಪಾಸಾಗಿಬಿಡುತ್ತಾಳೇನೋ ಎಂಬ ಭಯದಲ್ಲಿರುವ
ಲಿಫ್ಟ್ ಮೆಕ್ಯಾನಿಕ್ ಒಬ್ಬ