ಕೆಟಲ್ ಜೋಡಿ

ಉಟ್ರೆಕ್ಟ್
೧೦ ಮೇ ೨೦೨೨

ನನ್ನ ಸುಳ್ಳು ಗಂಡ ವುಬ್ಬೊ,

ಮಂಡಿನೋವಿನ ಪುರಾಣ ಭಾನುವಾರಕ್ಕಿರಲಿ, ಮೊದಲು ಪೋಸ್ಟರಿನ ಸುದ್ದಿ. ನಮ್ಮ ‘ನೀಲಿ ಕೆಟಲ್’ ಬಾರು ಶುರುವಾಗಿ ಈ ಬೇಸಿಗೆಗೆ ಅರವತ್ತು ವರ್ಷ. ಅಲ್ಲೀಗ ಕನ್ನಡಕದ ಅಂಗಡಿ ಇದೆ, ಆದರೂ ನೆನಪಿಗೆಂದು ಹುಡುಗ ಹುಡುಗಿಯರ ಸಮಿತಿಯೊಂದು ಊರಿಡೀ ಪೋಸ್ಟರ್ ಅಂಟಿಸಲಿದೆ. ಹಳೆಯ ಫೋಟೋ ಕೇಳಿದರು. ನಾವಿಬ್ಬರು ಕುಣಿಯುತ್ತಿರುವುದನ್ನು ಕೊಟ್ಟೆ.

ಪೋಸ್ಟರ್ ಮಾಡುವ ಫೆಮ್ಕೆ ಎಂಬ ಹುಡುಗಿ ನೋಡಿ, “ಚೆನ್ನಾಗಿದೆ ಮೇಡಂ, ಆದ್ರೆ ಮಧ್ಯದಲ್ಲಿರೋ ಈ ಗಂಡ ಹೆಂಡ್ತೀನ ಕತ್ತರಿಸಿ ಬಿಡೋಣ. ಸಲಿಂಗಿಗಳ ಬಾರಿಗೆ ದಾರಿ ತಪ್ಪಿ ಬಂದೋರಿರಬೇಕು” ಅಂದಳು. ಆ ಹೆಂಡತಿ ನಾನೇ ಕಣಮ್ಮ ಎಂದೆ. ಪೊಲೀಸರೋ ಅಪರಿಚಿತರೋ ಬಾಗಿಲಿಗೆ ಬಂದರೆ ಕೌಂಟರಿನ ಹಿಂದೆ ಒಡತಿ ಡೀನ್ ಚಿಕ್ಕಮ್ಮ ಚಮಚದಿಂದ ಕೆಟಲ್ ಬಡಿಯುತ್ತಿದ್ದದ್ದು, ಗಂಡಸರ ಜೋಡಿ, ಹೆಂಗಸರ ಜೋಡಿಗಳೆಲ್ಲ ಬಿಚ್ಚಿ ತಕ್ಷಣ ಗಂಡು ಹೆಣ್ಣಿನ ಜೋಡಿಯಾಗುತ್ತಿದ್ದದ್ದು, ನನ್ನ ಜೋಡಿಯೆಂದು ಗೊತ್ತುಮಾಡಿದ್ದ ನೀನು ಪ್ರತಿ ಸಲವೂ ನನ್ನ ಕಾಲು ತುಳಿಯುತ್ತಿದ್ದದ್ದು, ಎಲ್ಲ ಹೇಳಿದೆ. ಅಂಚಿನಲ್ಲಿ ನಿನ್ನ ಹೆಗಲಿಂದ ಆಗಷ್ಟೇ ಸರಿದ ನಿನ್ನ ಎವರ್ಟನ ಕೈಯನ್ನೂ, ನನ್ನ ಹಿಂದೆ ನಗು ತಡೆಯಲಾಗದೆ ನಿಂತ ನನ್ನ ಲೀಸಳನ್ನೂ ತೋರಿಸಿದೆ. ಹುಡುಗಿ ಫೋಟೋವನ್ನು ಹತ್ತಿರಕ್ಕೆ ಹಿಡಿದು ಮತ್ತೆ ನೋಡಿದಳು. ಆಮೇಲೆ, “ಹಾಗಾದ್ರೆ ಇದೇ ಬೇಕು. ನಾಲ್ಕು ಜನರ ಹೆಸರೂ ಹಾಕೋಣ” ಅಂದಳು. ಲೀಸಳ ಪರವಾಗಿ ನಾನು ಒಪ್ಪಿದ್ದೇನೆ. ಬದುಕಿದ್ದರೆ ಅಂಟು ಹಚ್ಚಲು ತಾನೇ ಹೋಗುತ್ತಿದ್ದಳು.

ಕಷ್ಟ ನಿನ್ನದು. ನಿನ್ನ ವೃದ್ಧಾಶ್ರಮದಲ್ಲಿ ನಾನು ಹೆಂಡತಿ, ಮೇಜಿನ ಮೇಲಿನ ಫೋಟೋದ ಎವರ್ಟ್ ತೀರಿಹೋದ ತಮ್ಮ. ಅರ್ಧ ಆಯುಷ್ಯ ಜೊತೆಗೆ ಬಾಳಿದವನನ್ನು ನೀನು ತಮ್ಮ ಮಾಡಿಬಿಟ್ಟೆ. ಕಳೆದ ಭಾನುವಾರ ನರ್ಸ್ ಕಾಫಿ ತಂದಾಗ ಗಬಕ್ಕನೆ ನನ್ನ ಕೈ ಹಿಡಿದೆಯಲ್ಲ, ನನಗೆ ಕೆಟಲ್ ಸದ್ದೇ ಕೇಳಿಸಿತು. ಕೋಪ ಬಂತು, ಅಳುವೂ ಬಂತು. ಕೊಟ್ಟ ಒಂದೇ ಒಂದು ಬಿಸ್ಕತ್ತಿನ ಜೊತೆ ಎರಡನ್ನೂ ನುಂಗಿದೆ. “ಗೊತ್ತಾದ್ರೆ ಇಸ್ಪೀಟಿಗೆ ಯಾರೂ ಕರೆಯಲ್ಲ ಕಣೆ” ಅಂದಿದ್ದೆ ನೀನು. ಅದು ಸಣ್ಣ ಮಾತಲ್ಲ. ಅಲ್ಲಿ ಇರಬೇಕಾದವನು ನೀನು, ನಾನಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಬೇಡವೆಂದರೆ ಫೋಟೋ ವಾಪಸು ತರುತ್ತೇನೆ, ಎರಡು ಮಾತಿಲ್ಲ. ಮುಂದಿನ ಭಾನುವಾರವೂ ಹೆಂಡತಿಯಾಗಿಯೇ ಬರುತ್ತೇನೆ. ಒಪ್ಪಿದರೆ ಆ ಕೈ ಎವರ್ಟನದು ಎಂದು ಊರೆಲ್ಲ ಓದುತ್ತದೆ. ಗುರುವಾರದೊಳಗೆ ಫೋನ್ ಮಾಡು.

ಇಂದಿಗೂ ಕಾಲು ತುಳಿಸಿಕೊಳ್ಳಲು ತಯಾರಿರುವ,
ಅಲೈದಾ

ತಾ.ಕ.: ಬರೆಯಲೋ ಬೇಡವೋ ಎಂದು ಒಂದು ಮಾತು ಬಿಟ್ಟಿದ್ದೆ. ಅವತ್ತು ಹೊರಡುವಾಗ ಅದೇ ನರ್ಸ್ ಬಾಗಿಲ ತನಕ ಬಂದಳು. “ಎಲ್ಲರ ಮನೇಲಿರೋ ಹಾಗೆ ವುಬ್ಬೊ ಅವರ ಶೌಚಾಲಯದ ಗೋಡೇಲೂ ಹುಟ್ಟುಹಬ್ಬದ ಕ್ಯಾಲೆಂಡರ್ ಇದೆ. ಅದರಲ್ಲಿ ಎಲ್ಲರ ಹೆಸರೂ ಬರ್ಕೊಂಡಿದ್ದಾರೆ, ಆ ಫೋಟೋದವರದ್ದು ಮಾತ್ರ ಇಲ್ಲ. ದಿನಾ ಮಲಗೋ ಮುಂಚೆ ಅದಕ್ಕೆ ಮುತ್ತು ಕೊಡ್ತಾರೆ. ತಮ್ಮನಿಗೆ ಯಾರು ಹಾಗೆ ಕೊಡ್ತಾರೆ ಮೇಡಂ? ಇಸ್ಪೀಟು ಆಡೋರೂ ಅದನ್ನೇ ಅಂತಾರೆ. ಅವರು ಹುಟ್ಟಿದ ತಾರೀಖು ಹೇಳಿ, ಕೇಕ್ ತರಿಸ್ತೀವಿ” ಅಂದಳು. ನಾನು ಹೇಳಲಿಲ್ಲ. ಅದನ್ನು ನೀನೇ ಹೇಳಬೇಕು.